ಗುಲಾಬಿ ಎದೆಯ ಕಡಲಕ್ಕಿ

ಸೋಪು ಕರಗಿಸಿದ ನೀರಿನಲ್ಲಿ ಕಚ್ಚಾ ರೇಷ್ಮೆ ಕುದಿಯುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಹುಳುವಿನದು, ಅರ್ಧ ಈಗಷ್ಟೇ ಮೀಯಿಸಿದ ಕೂಸಿನದು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ಹಿಂದೂಪುರದ ನಮ್ಮ ಹಳೇ ಮನೆಯ ಹಿತ್ತಲು ಕಣ್ಣಿಗೆ ಕಟ್ಟುತ್ತದೆ. ಅಪ್ಪ ನೇಕಾರರ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಹಗ್ಗದ ತುಂಬ ನೂಲಿನ ಒದ್ದೆ ಲಡಿಗಳು ತೂಗಿ, ಕೆಳಗೆ ನೆಲ ಹಳದಿ, ನೀಲಿ, ಕೆಂಪಾಗಿ ಹರಿಯುತ್ತಿತ್ತು. ನಮ್ಮ ನಾಯಿಗೆ ಒಂದು ಕಿವಿ ಹಸಿರು. ಅವ್ವ ಸುಣ್ಣ ಹಚ್ಚಿದ ಗೋಡೆ ಒಂದು ವಾರವೂ ಸುಣ್ಣದ ಬಣ್ಣದಲ್ಲಿ ಉಳಿದದ್ದಿಲ್ಲ. ಬೆಳ್ಳಗಿರುವುದೆಲ್ಲ ನಮ್ಮ ಮನೆಯಲ್ಲಿ ಇನ್ನೂ ಮುಗಿಯದ ಕೆಲಸ. ನಾನು ಮಾಡಿದ ತಪ್ಪಿಗೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ.

ನನ್ನ ಅಣ್ಣ ಸೀನ ಎರಡು ವರ್ಷ ಲಾರಿ ಕ್ಲೀನರಾಗಿ ಮದರಾಸಿನ ಹಾರ್ಬರಿಗೆ ಹೋಗಿಬರುತ್ತಿದ್ದ. ಲೋಡು ಇಳಿಯುವವರೆಗೆ ದಿನಗಟ್ಟಲೆ ಕಾಯಬೇಕು. ಅಲ್ಲಿನ ಒಬ್ಬ ವಾಚ್‌ಮನ್ ತಾತ ಅವನಿಗೆ ಕಡಲ ಹಕ್ಕಿಗಳ ಗುರುತು ಹೇಳಿಕೊಟ್ಟನಂತೆ. ಕೊಕ್ಕು ನೋಡು, ಕಾಲು ನೋಡು, ರೆಕ್ಕೆಯ ತುದಿ ನೋಡು. ವಿಚಿತ್ರ ಮಚ್ಚೆ ಕಂಡರೆ ಕುಣಿಯಬೇಡ, ಹಡಗಿನ ಎಣ್ಣೆ ಮೆತ್ತಿರಬಹುದು, ಎರಡು ಸಲ ನೋಡು. ಲಾರಿ ಕೆಲಸ ಬಿಟ್ಟು ಬಂದ ಮೇಲೂ ಅಣ್ಣ ದಿನಾ ಕೆರೆ ಏರಿಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಚಳಿಗಾಲದಲ್ಲಿ ನಮ್ಮ ಕೆರೆಗೂ ನಾಲ್ಕಾರು ಕಡಲಕ್ಕಿಗಳು ಬರುತ್ತವೆ ಎಂದರೆ ಬೀದಿಯವರೆಲ್ಲ ನಗುತ್ತಿದ್ದರು. "ಕೊಕ್ಕರೆ ನೋಡಿ ಸಮುದ್ರ ಅಂತಾನೆ ಕಣ್ಲಾ ಇವ್ನು" ಎಂದು ಎದುರುಮನೆ ಗೋವಿಂದಪ್ಪಮಾವ ಬೀಡಿ ಎಳೆಯುತ್ತ ಅನ್ನುತ್ತಿದ್ದ. ಅಣ್ಣನದು ಒಂದೇ ಉತ್ತರ: "ಕಂಡಿದ್ದಷ್ಟೇ ಬರೀತೀನಿ ಮಾವ."

ನನಗಾಗ ಒಂಬತ್ತು ವರ್ಷ. ಅಣ್ಣ ಕಲ್ಯಾಣದುರ್ಗದ ಅತ್ತೆಯ ಮನೆಗೆ ಹೋಗಿದ್ದ ದಿನ, ಕೆರೆಯಂಚಿನಲ್ಲಿ ಬೆಸ್ತರ ಹರಕು ಬಲೆಗೆ ಒಂದು ಕಡಲಕ್ಕಿ ಸಿಕ್ಕಿಕೊಂಡಿತ್ತು. ಬಿಡಿಸಿ ಲಂಗದಲ್ಲಿ ಸುತ್ತಿ ಮನೆಗೆ ತಂದೆ. ಕೆಂಪು ಕಾಲು, ಕೆಂಪು ಕೊಕ್ಕು, ಎದೆ ಮಾತ್ರ ಖಾಲಿ ಬಿಳಿ. ನಾಳೆಗೆಂದು ಅಪ್ಪ ಮುಚ್ಚಿಟ್ಟಿದ್ದ ಗುಲಾಬಿ ಬಣ್ಣದ ತೊಟ್ಟಿ ತಣ್ಣಗಿತ್ತು. ಅಣ್ಣನಿಗೆ ಖುಷಿಯಾಗಲಿ ಅಂತ, ಲಡಿ ಅದ್ದುವ ಹಾಗೆಯೇ ಎದೆಯವರೆಗೆ ಎರಡು ಸಲ ಅದ್ದಿ ತೆಗೆದೆ. ಮೂರನೇ ಸಲಕ್ಕೆ ಅದು ನನ್ನ ಕೈ ಕಚ್ಚಿ, ತೊಟ್ಟಿಯೊಳಗೇ ಹಿಕ್ಕೆ ಹಾಕಿ, ಗೋಡೆ ದಾಟಿ ಹಾರಿಹೋಯಿತು. ಮರುದಿನ ಅಪ್ಪ ತೊಟ್ಟಿ ನೋಡಿ ಊರು ಕೇಳುವ ಹಾಗೆ ಕೂಗಿದರು: "ಎವರ್ರಾ ಇದಿ ಚೇಸಿಂದಿ? ಯಾರ್ಲಾ ಇದು ಮಾಡಿದ್ದು? ಕೈ ಮುರೀತೀನಿ!" ನಾನು ಗುಲಾಬಿ ಉಗುರುಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತೆ. ಬೈಗುಳವೆಲ್ಲ ನಾಯಿಗೆ ಹೋಯಿತು.

ಆ ಸಂಜೆ ಊರಿನಿಂದ ಬಂದ ಅಣ್ಣ ಏರಿಯ ಮೇಲಿಂದಲೇ ಕೂಗಿಕೊಂಡು ಓಡಿಬಂದು ನನ್ನನ್ನು ಎಳೆದುಕೊಂಡು ಹೋದ. "ಅಗೋ ನೋಡೆ ಸರೋಜಿ! ಎದೆ ನೋಡು! ಹಾರ್ಬರಲ್ಲೂ ಇಂಥದ್ದಿಲ್ಲ ಕಣೆ!" ಎರಡು ಸಲ ನೋಡಿದ. ಎಣ್ಣೆ ಗುಲಾಬಿ ಬಣ್ಣ ಇರುವುದಿಲ್ಲ, ಹಿಂದೂಪುರಕ್ಕೆ ಹಡಗೂ ಬರುವುದಿಲ್ಲ ಎಂದು ತಾನೇ ಲೆಕ್ಕ ಹಾಕಿ ಬರೆದುಕೊಂಡ. ಬೆಳಗಿನ ಬಸ್ಸಿಗೇ ಮತ್ತೆ ಕಲ್ಯಾಣದುರ್ಗಕ್ಕೆ ಹೋಗಿ, ಅಲ್ಲಿನ ಸೈನ್ಸ್ ಮೇಷ್ಟ್ರಿಗೆ ಕೈಮುಗಿದು, ಭಾನುವಾರ ಬರುವಂತೆ ಒಪ್ಪಿಸಿಬಂದ.

ಭಾನುವಾರ ಏರಿಯ ಮೇಲೆ ಬೀದಿಗೆ ಬೀದಿಯೇ ನೆರೆದಿತ್ತು. ಅಪ್ಪನೂ ಬಂದಿದ್ದರು. ಹಕ್ಕಿಯೇನೋ ಇತ್ತು. ಆದರೆ ಕುದಿಸದೆ ಹಾಕಿದ ಬಣ್ಣ ಐದು ದಿನ ನೀರಿನಲ್ಲಿ ನಿಲ್ಲುತ್ತದೆಯೇ? ಮೇಷ್ಟ್ರು ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಎಕ್ಕಡ ಬಾಬು ನೀ ಗುಲಾಬಿ?" ಎಂದು ತೆಲುಗಿನಲ್ಲಿ ಕೇಳಿದರು, ಎಲ್ಲಪ್ಪ ನಿನ್ನ ಗುಲಾಬಿ ಅಂತ. ಗೋವಿಂದಪ್ಪಮಾವ ಬಿಟ್ಟಾನೆಯೇ? "ಏನ್ಲಾ ಸೀನ, ನಿನ್ನ ಹಕ್ಕಿ ಸೀರೆ ಬಿಚ್ಚಿ ಒಗೆಯಕ್ಕೆ ಹಾಕ್ಬುಟ್ಟೈತಾ?" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ನನ್ನ ಕಡೆ ತಿರುಗಿದ. "ಸರೋಜಿ, ನೀನೂ ನೋಡಿದ್ಯಲ್ಲ? ಹೇಳೆ." ಅಪ್ಪನೂ ನನ್ನನ್ನೇ ನೋಡುತ್ತಿದ್ದರು. ನಾನು ಕೈ ಹಿಂದೆ ಕಟ್ಟಿಕೊಂಡು ಹೇಳಿದೆ: "ಇಲ್ಲ. ಬೆಳ್ಳಗೇ ಇತ್ತು."

ಬೈಯಲಿಲ್ಲ ಅವನು. ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋದ. ಕಣ್ಣು ಸರಿಯಾಗಿದೆ ಎಂದರೂ ನಂಬದೆ, ಸಂತೆಯಲ್ಲಿ ಒಂದು ಸಾದಾ ಗಾಜಿನ ಕನ್ನಡಕ ಕೊಂಡು ಹಾಕಿಕೊಂಡ. ಆಮೇಲೆ ಕಲ್ಯಾಣದುರ್ಗದಲ್ಲಿ ಸೈಕಲ್ ಶಾಪ್ ಇಟ್ಟ. ಹೆಣ್ಣು ನೋಡಲು ಹೋದಾಗ, "ಸೀರೆ ಹಸಿರೇ ಅಲ್ವಾ?" ಎಂದು ಅತ್ತೆಯನ್ನು ಪಿಸುಮಾತಿನಲ್ಲಿ ಕೇಳಿದನಂತೆ. ಹುಡುಗಿಗೂ ಕೇಳಿಸಿ ನಗು ತಡೆಯಲಾಗಲಿಲ್ಲವಂತೆ; ಅವಳೇ ಅತ್ತಿಗೆಯಾದಳು. ಟೊಮೇಟೊ ಕೊಳ್ಳುವಾಗಲೂ ಪಕ್ಕದವರನ್ನು ಕೇಳುತ್ತಿದ್ದ: "ನಿಮಗೂ ಕೆಂಪಗೇ ಕಾಣ್ತೈತಾ?" ನೋಡಿದವರಿಗೆಲ್ಲ ಅದೊಂದು ತಮಾಷೆ. ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ.

ಹೇಳಿಬಿಡಬೇಕೆಂದು ಪ್ರತಿ ಸಲ ಕಲ್ಯಾಣದುರ್ಗದ ಬಸ್ಸು ಹತ್ತಿ, ಪ್ರತಿ ಸಲ ಊಟ ಮಾಡಿ ವಾಪಸು ಬಂದೆ. ಅಪ್ಪ ತೀರಿಕೊಂಡ ಮರುವರ್ಷ ಬಾಯಿಗೆ ಬಂತು. ಅಣ್ಣ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. "ಅಣ್ಣ, ಆ ಹಕ್ಕಿಗೆ ಬಣ್ಣ ಹಾಕಿದ್ದು ನಾನು." ಅವನ ಕೈ ನೀರಿನಲ್ಲೇ ನಿಂತಿತು.

"ಅಪ್ಪನ ತೊಟ್ಟೀಲಾ?"

"ಹೂಂ."

"ಗುಲಾಬೀನೇ?"

"ಗುಲಾಬೀನೇ ಅಣ್ಣ."

"ಹಂಗಾರೆ ನಾನು ಕಂಡಿದ್ದು ದಿಟ!" ಅಂದ. ಕೆಮ್ಮು ಬರುವವರೆಗೂ ನಕ್ಕ. ನಗು ನಿಂತ ಮೇಲೆ, ಟ್ಯೂಬು ಒರೆಸುತ್ತ, ಮೆಲ್ಲಗೆ ಹೇಳಿದ: "ಅವತ್ತೇ ಒಂದು ಮಾತು ಅಂದಿದ್ರೆ ಆಗ್ತಿತ್ತು ಕಣಮ್ಮ." ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಮರುದಿನ ನಾನು ಹೊರಡುವಾಗ ನೋಡಿದರೆ ಮತ್ತೆ ಮೂಗಿನ ಮೇಲಿತ್ತು. "ಅಭ್ಯಾಸ ಆಗ್ಬುಟ್ಟೈತೆ" ಅಂದ.

ಅಣ್ಣ ಈಗಿಲ್ಲ. ಹಿತ್ತಲಿನ ತೊಟ್ಟಿಗಳೂ ಇಲ್ಲ. ಅತ್ತಿಗೆ ಕೊಟ್ಟ ಆ ಕನ್ನಡಕ ನನ್ನ ಹತ್ತಿರ ಇದೆ. ಕೆರೆಗೆ ನೀರು ಬಂದ ವರ್ಷ ಅದನ್ನು ಹಾಕಿಕೊಂಡು ಏರಿಯ ಮೇಲೆ ಕೂರುತ್ತೇನೆ. ಏನೂ ಬದಲಾಗುವುದಿಲ್ಲ. ಇದ್ದದ್ದು ಇದ್ದ ಹಾಗೇ ಕಾಣುತ್ತದೆ.