ನೊರೆ ಇಳಿಯುವವರೆಗೆ

ನಮ್ಮ ಆಸ್ಪತ್ರೆಯ ಔಷಧ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬಿರುಗಾಳಿ ಎಂದೇ. ಕ್ಯಾನ್ಸರಿನ ಮದ್ದುಗಳನ್ನು ಬೆರೆಸಿಕೊಡುವುದು ಅವಳ ಕೆಲಸ, ನನ್ನದೂ ಅದೇ. ಕೈಗೆ ಜೋಡಿ ಗವಸು, ಮುಖಕ್ಕೆ ಮಾಸ್ಕು, ಮುಂದೆ ಗಾಜಿನ ಪೆಟ್ಟಿಗೆ. ನಾನು ಒಂದು ಬಾಟಲಿ ಮುಗಿಸುವಷ್ಟರಲ್ಲಿ ಅವಳದು ಮೂರಾಗಿರುತ್ತಿತ್ತು. ಅವಳು ಕೂತು ಊಟ ಮಾಡಿದ್ದನ್ನು ನಾನಂತೂ ಕಂಡವಳಲ್ಲ.

ಅಂಥವಳಿಗೆ ಆ ಹೊಸ ಮದ್ದು ಗಂಟುಬಿತ್ತು. ಮದ್ದನ್ನು ಪ್ರೋಟೀನಿನಲ್ಲಿ ಸುತ್ತಿ, ಕಣ್ಣಿಗೆ ಕಾಣದ ನ್ಯಾನೊ ಕಣಗಳಾಗಿ ಮಾಡಿರುತ್ತಾರೆ; ರಕ್ತದಲ್ಲಿ ಸಾಗಿ ಗಡ್ಡೆಯೊಳಗೆ ಹೆಚ್ಚು ಸೇರಲಿ ಎಂದು. ಅದರ ಪುಡಿಯ ಮೇಲೆ ಸಲೈನನ್ನು ನೇರವಾಗಿ ಸುರಿಯುವಂತಿಲ್ಲ. ಬಾಟಲಿಯ ಒಳಗೋಡೆಗುಂಟ ನಿಧಾನವಾಗಿ ಇಳಿಸಬೇಕು, ನೆನೆಯಲು ಬಿಡಬೇಕು, ಮೆಲ್ಲಗೆ ಹೊರಳಿಸಬೇಕು. ಕುಲುಕಿದರೆ ನೊರೆ. ನೊರೆ ಬಂದರೆ ಅದು ಇಳಿಯುವ ತನಕ ಕೈಕಟ್ಟಿ ಕೂರಬೇಕು.

ಮೊದಲ ಬಾಟಲಿ ಬಂದದ್ದೇ ಅವಳ ಅಕ್ಕನಿಗಾಗಿ. ತಾಯಿ ಹೋದ ಮೇಲೆ ಇವಳನ್ನು ಸಾಕಿ ಬೆಳೆಸಿದ ಅಕ್ಕ. ಬೇರೆ ಮದ್ದುಗಳೆಲ್ಲ ಕೈಕೊಟ್ಟಿದ್ದವು, ಉಳಿದದ್ದು ಇದೊಂದೇ. ನನಗೆ ಮುಟ್ಟಲೂ ಬಿಡದೆ ತಾನೇ ಕೂತಳು. ಆದರೆ ಕೈ ಹಳೆಯ ಚಾಳಿ ಬಿಡಬೇಕಲ್ಲ! ಬಾಟಲಿಯನ್ನು ಕುಲುಕಿಯೇಬಿಟ್ಟಿತು. ಕುತ್ತಿಗೆತನಕ ನೊರೆ.

ಕೋಣೆಯ ಗಾಜಿನ ಗೋಡೆಯಾಚೆ, ಮದ್ದು ಏರಿಸುವ ಕುರ್ಚಿಯಲ್ಲಿದ್ದ ಅಕ್ಕ ಮೈಕಿನಲ್ಲಿ ನಕ್ಕಳು.

"ಕುಲುಕಿದ್ಯೇನೇ? ಹೋಗ್ಲಿ ಬಿಡು. ನೀನು ನನ್ನೆದುರು ಸುಮ್ನೆ ಕೂತಿದ್ದು ಇವತ್ತೇ ಮೊದಲು."

"ಮಾತಾಡಿಸ್ಬೇಡ ಅಕ್ಕಾ, ಮತ್ತೆ ಕುಲುಕಿಬಿಡ್ತೀನಿ."

ನೊರೆ ಇಳಿಯಿತು, ಮದ್ದು ಅಕ್ಕನ ಮೈ ಸೇರಿತು. ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಆಮೇಲೆ ಪ್ರತಿ ಸಲವೂ ಇದೇ ಕಥೆ. ಎಷ್ಟೇ ಜೋಪಾನ ಮಾಡಿದರೂ ಒಂದಿಷ್ಟು ನೊರೆ ಬರುತ್ತಿತ್ತು, ಅದು ಇಳಿಯುವವರೆಗೆ ಅಕ್ಕತಂಗಿಯರ ಹರಟೆ. ಹುಟ್ಟಿದಾರಭ್ಯ ಆಡದ ಮಾತನ್ನೆಲ್ಲ ಅಲ್ಲೇ ಆಡಿ ಮುಗಿಸುವವರ ಹಾಗೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಗಡ್ಡೆ ಮತ್ತೆ ತಲೆಯೆತ್ತಿತು. ಅಕ್ಕ ಕುರ್ಚಿಗೆ ಬರಲಾರದೆ ವಾರ್ಡಿನಲ್ಲೇ ಮಲಗಿದಳು. ಇನ್ನೊಂದು ಸಲ ಕೊಟ್ಟು ನೋಡೋಣ ಎಂದರು ಡಾಕ್ಟರು. ಆ ದಿನ ಬಿರುಗಾಳಿ ಉಸಿರು ಬಿಗಿಹಿಡಿದು ಸಲೈನ್ ಇಳಿಸಿದಳು, ಕಾದಳು, ಹೊರಳಿಸಿದಳು.

"ನೋಡೇ, ಒಂದೇ ಒಂದು ಗುಳ್ಳೆ ಇಲ್ಲ!"

ಹಾಲಿನಂಥ ಮದ್ದು, ನುಣ್ಣಗೆ ನಿಂತಿತ್ತು ಮೇಲ್ಮೈ. ಅಷ್ಟರಲ್ಲಿ ಫೋನು ಬಂತು, ಎತ್ತಿದವಳು ನಾನು. ಮದ್ದು ಕಳಿಸಬೇಡಿ, ಅವರು ಹೋಗಿಬಿಟ್ಟರು ಎಂದಳು ನರ್ಸು. ಫೋನು ಇಟ್ಟು ಅವಳ ಕಡೆ ತಿರುಗಿದೆ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು.

ಎದ್ದು ಓಡುತ್ತಾಳೆ ಎಂದುಕೊಂಡೆ. ಓಡಲಿಲ್ಲ. ಬಾಟಲಿಯನ್ನೇ ನೋಡುತ್ತ ಕೂತಳು.

"ಇವತ್ತೂ ನೊರೆ ಬರ್ಬೇಕಿತ್ತು ಕಣೇ," ಎಂದಳು. "ಇನ್ನೂ ಒಂಚೂರು ಹೊತ್ತು ಅವಳಿಗೋಸ್ಕರ ಕಾಯ್ತಾ ಕೂತಿರ್ತಿದ್ದೆ."