ನಾಲ್ಕಂತಸ್ತಿನ ಕಾಡು

ಮೊನ್ನೆ ಪಟ್ಟಂದೂರು ಅಗ್ರಹಾರದ ತಂಗಿಯ ಮನೆಯಲ್ಲಿ, ಅವಳ ಮಗಳು ಹೊಸ ಆಟಿಕೆಯ ಡಬ್ಬ ತೆರೆದಾಗ ಪ್ಲಾಸ್ಟಿಕ್ಕಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆಯಿಂದ ಹುಟ್ಟುಹಬ್ಬ ನೆನಪಾಗಬಹುದು. ನನಗೆ ನೆನಪಾಗುವವರು ನಂಜಮ್ಮ.

ಬಹಳ ವರ್ಷಗಳ ಹಿಂದೆ ನಾನು ಜಿಗಣಿಯ ಆಟಿಕೆ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹೊಸ ಕೆಲಸ, ಹೊಸ ಐಡಿ ಕಾರ್ಡು; ಊಟಕ್ಕೆ ಕೂತಾಗಲೂ ಅದನ್ನು ಕೊರಳಿಂದ ತೆಗೆಯುತ್ತಿರಲಿಲ್ಲ. ಹೆಬ್ಬಗೋಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಂಜಮ್ಮ ಪ್ಯಾಕಿಂಗ್ ಟೇಬಲ್ಲಿನವರು, ನನ್ನ ತಾಯಿಯ ವಯಸ್ಸು. ಆ ಸಲ ಬಂದದ್ದು ಮಳೆಕಾಡಿನ ಆರ್ಡರು. ಪ್ಲಾಸ್ಟಿಕ್ ಗೊಂಬೆಗಳನ್ನು ಕೂರಿಸುವ ರಟ್ಟಿನ ಕಾಡಿಗೆ ನಾಲ್ಕು ಅಂತಸ್ತು. ತೀರಾ ಎತ್ತರದ ಮರದ ತುದಿಯಲ್ಲಿ ಹದ್ದು, ಅದರ ಕೆಳಗಿನ ದಟ್ಟ ಕೊಂಬೆಗಳಲ್ಲಿ ಕೋತಿ ಮತ್ತು ದಪ್ಪ ಕೊಕ್ಕಿನ ಹಕ್ಕಿ, ಇನ್ನೂ ಕೆಳಗೆ ನೆರಳಲ್ಲಿ ಮರಗಪ್ಪೆ, ನೆಲದ ಮೇಲೆ ಚಿರತೆಯಂಥ ಜಾಗ್ವಾರ್. ಯಾವುದು ಎಲ್ಲಿ ಎಂದು ಕನ್ನಡದಲ್ಲಿ ಚೀಟಿ ಬರೆದು ಗೋಡೆಗೆ ಅಂಟಿಸಿದವನು ನಾನು. ಆರ್ಡರಿನ ಜೊತೆ ಬಂದಿದ್ದ ಇಂಗ್ಲಿಷ್ ಪಟ್ಟಿಯನ್ನು ಪೂರ್ತಿ ಓದುವ ತಾಳ್ಮೆ ಇರಲಿಲ್ಲ. ಅದರಲ್ಲಿ ಸ್ಲಾತ್ ಎಂಬ ಪ್ರಾಣಿಯೂ ಇತ್ತು; ಆ ಹೆಸರಿಗೆ ಸೋಮಾರಿ ಎಂಬ ಅರ್ಥ ಎಂದಷ್ಟೇ ಗೊತ್ತಿತ್ತು. ಸೋಮಾರಿ ಮರ ಹತ್ತುತ್ತದೆಯೇ? ಚೀಟಿಯಲ್ಲಿ ಅದನ್ನು ನೆಲಕ್ಕೆ ಹಾಕಿದೆ.

ನಂಜಮ್ಮ ಆ ಗೊಂಬೆಯನ್ನು ತಿರುಗಿಸಿ ನೋಡಿದರು. "ಸಾರ್, ಇದ್ರ ಉಗುರು ನೋಡಿ, ಕೊಕ್ಕೆ ಇದ್ದಂಗದೆ. ನೆಲದ ಮೇಲೆ ನಡೆಯೋದಕ್ಕೆ ಇಂತಾ ಉಗುರು ಯಾಕೆ? ಇದು ನೇತಾಡೋ ಪ್ರಾಣಿ."

"ಚೀಟೀಲಿ ಇರೋ ಹಾಗೆ ಇಡಿ ನಂಜಮ್ಮ," ಎಂದೆ.

ಎರಡು ದಿನಗಳ ಮೇಲೆ ಮಾಲು ಕೊಳ್ಳುವವರ ಕಡೆಯವರು ಬಂದು ಡಬ್ಬ ಬಿಚ್ಚಿ, ಸ್ಲಾತ್ ಇರಬೇಕಾದದ್ದು ಮೇಲೆ, ಕೋತಿಯ ಜೊತೆ ಎಂದರು. ಮ್ಯಾನೇಜರು ನಮ್ಮ ಟೇಬಲ್ಲಿನ ಕಡೆ ಬರುವುದು ಕಂಡಿತು. ನನ್ನ ಕೈ ತಾನಾಗಿ ಗೋಡೆಗೆ ಹೋಯಿತು. ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ.

"ಯಾರಮ್ಮ ಇದನ್ನ ಇಲ್ಲಿಟ್ಟಿದ್ದು?"

ನಂಜಮ್ಮ ಬರಿಗೋಡೆ ನೋಡಿದರು, ನನ್ನನ್ನು ನೋಡಿದರು. "ನಾನೇ ಸಾರ್," ಎಂದರು.

ಶಿಕ್ಷೆಯೆಂದು ಅವರನ್ನು ಗೊಂಬೆ ಅಚ್ಚು ಹಾಕುವ ಶೆಡ್ಡಿಗೆ ಹಾಕಿದರು. ಮಧ್ಯಾಹ್ನ ಅತ್ತ ಹೋದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಯಂತ್ರದಿಂದ ಬಿಸಿಬಿಸಿಯಾಗಿ ಉದುರುವ ಗೊಂಬೆಗಳ ಅಂಚು ಕೆರೆಯುತ್ತಿದ್ದರು. ತಲೆಯೆತ್ತಿ, "ಊಟ ಆಯ್ತಾ ಸಾರ್?" ಎಂದರು. ಅಷ್ಟೇ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೇರವಾಗಿ ಹೋಗಿ ಮ್ಯಾನೇಜರ ಮೇಜಿನ ಮೇಲೆ ಚೀಟಿ ಇಟ್ಟೆ. ಅವರು ಓದಿ, "ಅಕ್ಷರ ಚೆನ್ನಾಗಿದೆ ಕಣಯ್ಯ, ತಲೇನೂ ಸ್ವಲ್ಪ ಉಪಯೋಗ್ಸು," ಎಂದರು. ನನ್ನ ಕೆಲಸ ಖಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ನಂಜಮ್ಮ ಮರುದಿನ ಟೇಬಲ್ಲಿಗೆ ಬಂದು ಸ್ಲಾತ್‌ಗಳನ್ನೆಲ್ಲ ಮೇಲಕ್ಕೆ ಹತ್ತಿಸಿದರು.

ಅಂದಿನಿಂದ ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ನಂಜಮ್ಮನ ದೊಡ್ಡ ಮನಸ್ಸನ್ನು ಹೊಗಳಿ, ನನ್ನ ಪ್ರಾಮಾಣಿಕತೆಯನ್ನೂ ಒಂದಿಷ್ಟು ಸೇರಿಸಿ ಮುಗಿಸುತ್ತಿದ್ದೆ. ಮೊನ್ನೆ ತಂಗಿಯ ಮನೆಯಿಂದಲೇ ಅವರಿಗೆ ಫೋನ್ ಮಾಡಿದೆ. ಕುಶಲ ವಿಚಾರಿಸಿದ ಮೇಲೆ ಕೇಳಿಯೇಬಿಟ್ಟೆ. "ಅವತ್ತು ನನ್ನ ಹೆಸರು ಯಾಕೆ ಹೇಳ್ಲಿಲ್ಲ ನಂಜಮ್ಮ? ಹೊಸ ಹುಡುಗ, ಪಾಪ ಅಂತಾನಾ?"

"ಪಾಪ ಏನ್ ಬಂತು ಸಾರ್. ಹೇಳಿದ್ರೆ ನಂಬೋರ್ ಯಾರು? ಚೀಟಿ ನಿಮ್ ಜೇಬಲ್ಲಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಮ್ಯಾನೇಜರ ಮುಂದೆ ತಪ್ಪೊಪ್ಪಿಕೊಂಡಿದ್ದ ನಾನು ಅವರ ಹತ್ತಿರ ಒಂದು ಮಾತೂ ಆಡಿರಲಿಲ್ಲ ಎಂಬುದು ಆಗ ಹೊಳೆಯಿತು.

"ತಪ್ಪಾಯ್ತು ನಂಜಮ್ಮ," ಎಂದೆ.

"ಭಾನುವಾರ ಮನೆ ಕಡೆ ಬನ್ನಿ ಸಾರ್," ಎಂದರು. ಹೋಗುತ್ತಿದ್ದೇನೆ.