ಜಲಜಾಕ್ಷಿಯ ಬೇಸಿನ್ ಕಲ್ಲು

ಸುಬ್ರಾಯರು ತಟ್ಟಿ ನೋಡದ ತೆಂಗಿನಕಾಯಿ ಕೀಲ್ಪಾಕಿನ ಆ ಹೋಟೆಲಿನ ಅಡುಗೆಮನೆ ಹೊಕ್ಕದ್ದೇ ಇಲ್ಲ. ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು, ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಸಾಮಾನು ಖರೀದಿಯ ಹೊಣೆ ಹೊತ್ತ ಮನುಷ್ಯ. ಕೊತ್ತವಾಲ್ ಚಾವಡಿಯ ತರಕಾರಿ ಮಂಡಿಯವರು ಅವರನ್ನು ಕಂಡೊಡನೆ ಎಳೆಯ ಬದನೆಯನ್ನೇ ಮುಂದಕ್ಕೆ ಸರಿಸುತ್ತಿದ್ದರು. ಬಲಿತ ಬೆಂಡೆಕಾಯಿ ತೋರಿಸಿ ಬೈಸಿಕೊಳ್ಳುವ ದರ್ದು ಯಾರಿಗಿತ್ತು? ಆರಿಸುವುದೇ ಅವರ ಹೆಮ್ಮೆ. ಆ ಹೆಮ್ಮೆಯೇ ಅವರ ಮನೆ ಹಾಳು ಮಾಡಿತು ಎಂದರೆ ಬಾಯಿ ಜೋರಾಯಿತು ಎನ್ನುವಿರೇನೋ. ಎನ್ನಿ, ನಡೆದದ್ದಂತೂ ಅದೇ.

ಅವರ ಹೆಂಡತಿ ಜಲಜಾಕ್ಷಿಗೆ ಬಗ್ಗಿದರೆ ತಲೆ ತಿರುಗುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಬಗ್ಗುವ ಕೆಲಸ ಬೇಡ ಎಂದರು. ಬಗ್ಗದೆ ಹೆಂಗಸಿನ ಯಾವ ಕೆಲಸ ಆಗುತ್ತದೆ ಹೇಳಿ! ಗುಡಿಸಿ ಒರೆಸಲು ಗುಣವತಿ ಎಂಬವಳು ಬಂದಳು, ಸರಿ. ಮುಖ ತೊಳೆಯಲು ಬೇರೆಯವರು ಬರುತ್ತಾರೆಯೇ? ಬಚ್ಚಲಿನ ನಲ್ಲಿ ಇದ್ದದ್ದು ಮೊಣಕಾಲೆತ್ತರದಲ್ಲಿ.

"ಹೋಟೆಲಿನಲ್ಲಿ ಗಿರಾಕಿಗಳಿಗೆ ನಿಂತು ಕೈ ತೊಳೀಲಿಕ್ಕೆ ಬೇಸಿನ್ ಉಂಟಲ್ಲ, ಅಂಥದ್ದೊಂದು ನಂಗೂ ಮಾಡಿಸಿ ಕೊಡಿ," ಎಂದಳು. "ಒಂದು ಕಲ್ಲಿನ ಹಲಗೆ, ನಡುವೆ ಬೇಸಿನ್. ಪಕ್ಕದಲ್ಲಿ ಸಾಬೂನು, ಕುಂಕುಮದ ಭರಣಿ ಇಡುವಷ್ಟು ಜಾಗ."

ಮದುವೆಯಾದಂದಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸುಬ್ರಾಯರು ಅಂದೇ ಹೇಳಿಕಳಿಸಿದರು. ಮರುದಿನವೇ ಮೇಸ್ತ್ರಿ ಏಳುಮಲೈ ಬಂದು, ಅವಳನ್ನು ನಿಲ್ಲಿಸಿ ಸೊಂಟದೆತ್ತರ ನೋಡಿ, ಬಚ್ಚಲಿನಲ್ಲಿ ಇಟ್ಟಿಗೆಯ ಎರಡು ಮೋಟುಗೋಡೆ ಎಬ್ಬಿಸಿದ. ಮೇಲೆ ಕಲ್ಲು ಕೂರಿಸುವುದಷ್ಟೇ ಬಾಕಿ.

ಸುಬ್ರಾಯರು ಕಲ್ಲು ಆರಿಸತೊಡಗಿದರು. ಅಮೃತಶಿಲೆಯ ತುಂಡು ತಂದು ಹುಣಿಸೆ ನೀರು ಬಿಟ್ಟರು. ಬೆಳಗಾಗುವಷ್ಟರಲ್ಲಿ ಹೊಳಪು ಹೋಗಿತ್ತು. ಹುಣಿಸೆಗೆ ಹೆದರುವ ಕಲ್ಲು ನಮ್ಮಂಥವರ ಮನೆಗೆ ಯಾಕೆ? ಕಡಪದ ಕರಿಕಲ್ಲಿನ ಮೇಲೆ ಬಾವಿಯ ಉಪ್ಪುನೀರು ಒಣಗಿ ಬಿಳಿ ಕಲೆ ಕೂತಿತು. ಪಲ್ಲಾವರದ ಕಲ್ಲು ಒರಟು, ಅವಳ ಕೈ ತರಚಿದರೆ? ಮೊಸಾಯಿಕ್ಕಿನಲ್ಲಿ ಕೂದಲೆಳೆಯ ಬಿರುಕು. ಹೀಗೆ ತರಕಾರಿ ಚೀಲದಲ್ಲಿ ಬಂದ ತುಂಡುಗಳೆಲ್ಲ ಬಚ್ಚಲ ಗೋಡೆಗೊರಗಿ ಸಾಲಾಗಿ ಕೂತವು.

ಜಲಜಾಕ್ಷಿ ನಕ್ಕಳು. "ಹೆಣ್ಣು ನೋಡ್ಲಿಕ್ಕೆ ಬಂದಾಗ ನನ್ನನ್ನೂ ಇಷ್ಟು ನೋಡ್ಲಿಲ್ಲ ನೀವು!"

"ಆಗ ನೋಡದೆಯೂ ಚಿನ್ನ ಸಿಕ್ಕಿತು. ಪ್ರತಿ ಸಲ ಹಾಗಾಗ್ತದಾ ಮಾರಾಯ್ತಿ?"

"ಯಾವ ಕಲ್ಲಾದ್ರೂ ಆಗ್ತದೆ. ಬೇಗ ಹಾಕಿಸಿ, ಅಷ್ಟೆ," ಎಂದು ಅವಳು ಕಡಪದ ತುಂಡನ್ನು ನಲ್ಲಿಯ ಪಕ್ಕಕ್ಕೆ ಎಳೆದುಕೊಂಡು ಅದರ ಮೇಲೆ ತನ್ನ ಸಾಬೂನು ಇಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ರಾಜಸ್ಥಾನದಿಂದ ಗೂಡ್ಸ್ ರೈಲಿನಲ್ಲಿ ಹಸಿರು ಕಲ್ಲು ಬರುತ್ತದೆ, ಅದಕ್ಕೆ ಸಮ ಯಾವುದೂ ಇಲ್ಲ ಎಂದು ಯಾವನೋ ಕಲ್ಲಿನ ವ್ಯಾಪಾರಿ ಕಿವಿಯೂದಿದ. ಸುಬ್ರಾಯರು ಕಾದರು.

"ಎನ್ನ ಸಾಮಿ, ಕಲ್ಲು ಇನ್ನುಂ ವರಲಿಯಾ? ಅಮ್ಮಾ ಪಾವಂ," ಎಂದು ಏಳುಮಲೈ ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದ, ಇನ್ನೂ ಕಲ್ಲು ಬಾರದ್ದಕ್ಕೆ ಪಾಪ ಅಮ್ಮ ಎಂದು ಮರುಗುತ್ತಿದ್ದ.

"ಬರ್ತದೆ ಮೇಸ್ತ್ರಿ. ಅವಸರದಲ್ಲಿ ಆರಿಸಿದ್ರೆ ಆಮೇಲೆ ಅಳಬೇಕಾಗ್ತದೆ," ಎಂದರು ಸುಬ್ರಾಯರು. ಅಯ್ಯೋ ದೇವರೇ, ಎಂಥ ಮಾತು!

ಒಂದು ಶುಕ್ರವಾರ ಬೆಳಿಗ್ಗೆ, ದೇವರಿಗೆ ದೀಪ ಹಚ್ಚುವ ಮುಂಚೆ ಮುಖ ತೊಳೆಯಲು ನಲ್ಲಿಗೆ ಬಗ್ಗಿದ ಜಲಜಾಕ್ಷಿ ತಲೆ ತಿರುಗಿ ಬಿದ್ದಳು. ಹಣೆ ಬಚ್ಚಲ ಕಟ್ಟೆಯ ಅಂಚಿಗೆ ಬಡಿಯಿತು. ಗುಣವತಿ ಕೂಗಿ ಜನ ಸೇರಿಸಿದಳು. ಸುಬ್ರಾಯರು ಆಗ ಕೊತ್ತವಾಲ್ ಚಾವಡಿಯಲ್ಲಿ ತೆಂಗಿನಕಾಯಿ ತಟ್ಟುತ್ತಿದ್ದರು. ಸುದ್ದಿ ತಿಳಿದು ಅವರು ಓಡಿ ಬರುವಾಗ ಜೀವ ಹೋಗಿತ್ತು.

"ನಾನೇ ಕೊಂದೆ," ಎಂದು ಬಂದವರೆದುರೆಲ್ಲ ಹೇಳಿದರು. "ಹಾಗೆಲ್ಲ ಹೇಳಬೇಡಿ, ಅವರ ಆಯುಷ್ಯ ಅಷ್ಟೇ ಇತ್ತು," ಎಂದು ಜನ ಸಮಾಧಾನ ಮಾಡಿದರು. ಒಬ್ಬರಾದರೂ ಬೈದಿದ್ದರೆ ಆ ಮನುಷ್ಯನ ಎದೆ ಸ್ವಲ್ಪ ಹಗುರಾಗುತ್ತಿತ್ತೇನೋ. ಯಾರೂ ಬೈಯಲಿಲ್ಲ.

ಮಕ್ಕಳಿರಲಿಲ್ಲ, ಕ್ರಿಯೆಗೆ ಅವರೇ ಕೂತರು. ಸತ್ತವರ ಜೀವ ಹತ್ತು ದಿನ ಒಂದು ಕಲ್ಲಿನಲ್ಲಿ ನಿಲ್ಲುತ್ತದೆ, ಅದರ ದಾಹ ತೀರಲು ದಿನಾ ಕಲ್ಲಿನ ಮೇಲೆ ಎಳ್ಳುನೀರು ಬಿಡಬೇಕು. ಪುರೋಹಿತ ವಿಷ್ಣುಮೂರ್ತಿ ಭಟ್ಟರು ಹಿತ್ತಲ ಬಾವಿಯ ಪಕ್ಕ ನೆಲ ಸಾರಿಸಿ, "ಒಂದು ಸಣ್ಣ ಕಲ್ಲು ತನ್ನಿ ಸುಬ್ರಾಯರೇ," ಎಂದರು.

"ಯಾವ ಕಲ್ಲು ಭಟ್ರೇ?"

"ಯಾವ ಕಲ್ಲಾದ್ರೂ ಆಗ್ತದೆ."

ಸುಬ್ರಾಯರು ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಎದ್ದು ಬಚ್ಚಲಿಗೆ ಹೋದರು. ಅವಳ ಸಾಬೂನು ಕಡಪದ ತುಂಡಿನ ಮೇಲೆ ಹಾಗೆಯೇ ಇತ್ತು, ಒಣಗಿ ಕಲ್ಲಿಗೆ ಅಂಟಿಕೊಂಡಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಕಲ್ಲನ್ನು ಎತ್ತಿಕೊಂಡರು. ಉಪ್ಪುನೀರಿನ ಬಿಳಿ ಕಲೆ ಇತ್ತು, ಈಗ ಅದನ್ನು ನೋಡುವ ಕಣ್ಣು ಅವರಿಗಿರಲಿಲ್ಲ.

ಹಿತ್ತಲಿಗೆ ಬಂದವರು ಕಲ್ಲನ್ನು ನೆಲಕ್ಕಿಡಲಿಲ್ಲ. ಏಳುಮಲೈ ಬಿಟ್ಟುಹೋಗಿದ್ದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಬಚ್ಚಲಿನ ಮೋಟುಗೋಡೆಯಷ್ಟೇ ಎತ್ತರವಾದ ಮೇಲೆ ಕಲ್ಲನ್ನು ಅದರ ಮೇಲಿಟ್ಟರು.

"ಕೆಳಗೆ ಇಡಬೇಕಲ್ಲ ರಾಯರೇ," ಎಂದರು ಭಟ್ಟರು.

"ಬೇಡ ಭಟ್ರೇ. ಬಗ್ಗಿದ್ರೆ ಅವಳಿಗೆ ತಲೆ ತಿರುಗ್ತದೆ."

ಭಟ್ಟರು ಎದ್ದು ನಿಂತು, ಅವರ ಕೈಗೆ ಎಳ್ಳುನೀರು ಹಾಕಿದರು. ಸುಬ್ರಾಯರು ನಿಂತುಕೊಂಡೇ ನೀರು ಬಿಟ್ಟರು. ಕಲ್ಲಿಗೆ ಅಂಟಿ ಉಳಿದಿದ್ದ ಸಾಬೂನು ಕರಗಿ, ನೊರೆಯಾಗಿ ಇಟ್ಟಿಗೆಯ ಮೇಲೆ ಇಳಿಯಿತು.